ಕಾಕೂ ಕೂಡಿಸಿದ ಎಳೆಗಳು

ಹೊಸ ಕಾಟನ್ ಸೀರೆಯ ಮಡಿಕೆ ಬಿಚ್ಚಿದಾಗ ಬರುವ ಗಂಜಿಯ ವಾಸನೆ ನಿಮ್ಮನ್ನು ಎಲ್ಲಿಗೆ ಕರೆದೊಯ್ಯುತ್ತದೋ ನಾನರಿಯೆ. ನನ್ನನ್ನಂತೂ ಅದು ಈಗ ಇಲ್ಲದ ಒಂದು ಪಡಸಾಲೆಗೆ, ಮೂಡಲಗಿಯ ಕಾಕಾನ ಮನೆಗೆ ತಂದು ನಿಲ್ಲಿಸುತ್ತದೆ. ಅಲ್ಲಿ ನೆಲದ ಕುಣಿಯಲ್ಲಿ ಕಾಲು ಇಳಿಬಿಟ್ಟು ಕೂತು ಕಾಕಾ ಸೀರೆ ನೇಯುತ್ತಿದ್ದ. ಗೋಡೆಗೆ, ಹಾಸಿಗೆಗೆ, ಅವನ ಹೆಂಡತಿ ಕಾಕೂನ ಸೆರಗಿಗೆ, ಎಲ್ಲಕ್ಕೂ ಅದೇ ತುಸು ಹುಳಿಯಾದ ಗಂಜಿಯ ವಾಸನೆ. ಒಂದು ಹಾಸು, ಅಂದರೆ ಮಗ್ಗಕ್ಕೆ ಉದ್ದಕ್ಕೆ ಹೂಡಿದ ನೂಲು, ನೇಯ್ದು ಮುಗಿದರೂ ಮಗ್ಗವನ್ನು ಎಂದೂ ಬರಿದು ಮಾಡುತ್ತಿರಲಿಲ್ಲ. ಹಳೆಯ ಎಳೆಗಳ ತುದಿಗಳು ಹಾಗೇ ಜೋತಿರುತ್ತಿದ್ದವು. ಕಾಕೂ ಬೂದಿ ಹಚ್ಚಿದ ಬೆರಳಿನಿಂದ ಹೊಸ ಹಾಸಿನ ಒಂದೊಂದೇ ಎಳೆಯನ್ನು ಅವಕ್ಕೆ ಹೊಸೆದು ಕೂಡಿಸುತ್ತಿದ್ದಳು.

ಆ ಬೇಸಿಗೆ ಕಾಕಾ ಗೋಕಾಕದ ಆಸ್ಪತ್ರೆಯಲ್ಲಿದ್ದ. ಹಾಲಿಡೇಸ್‌ಗೆ ಗೋಕಾಕ ಫಾಲ್ಸಿನಿಂದ ಅಪ್ಪನ ಜೊತೆ ಬಂದ ನಾನು, ಕಾನ್ವೆಂಟಿನ ಹುಡುಗಿ, ಜೋತ ಎಳೆಗಳನ್ನು ಕಂಡು ಸುಮ್ಮನಿರಲಾರದೆ ಸಿಸ್ಟರ್ ಕಲಿಸಿದ ಐಡಿಯಮ್ ಒಪ್ಪಿಸಿದೆ: ‘ಟೈ ಅಪ್ ದ ಲೂಸ್ ಎಂಡ್ಸ್’. ಬಿಡಿ ತುದಿಗಳನ್ನು ಕಟ್ಟು, ಅಂದರೆ ಉಳಿದುಬಿದ್ದ ಸಣ್ಣಪುಟ್ಟ ಕೆಲಸವನ್ನೆಲ್ಲ ಮುಗಿಸಿ ಏಳುವುದು. ಅದರ ಒರಿಜಿನ್ ಹಡಗಿನ ಹಗ್ಗದ್ದು ಅಂತ ಕೆಲವರು, ಬಟ್ಟೆಯ ಎಳೆಯದು ಅಂತ ಕೆಲವರು; ಖರೆ ಯಾವುದೋ ಸಿಸ್ಟರಿಗೂ ಗೊತ್ತಿರಲಿಲ್ಲ.

ಕಾಕೂ ನಕ್ಕಳು. “ನಿಮ್ಮ ಸಿಸ್ಟರನ್ನ ಒಂದ್ ದಿನಾ ಇಲ್ಲಿ ಕರಕೊಂಡ ಬಾರವಾ. ಎಳಿ ಕೂಡಿಸಿದ್ರ ಮುಗೀತಂತ? ನಮ್ಮ ಕೆಲಸ ಅಲ್ಲಿಂದನ ಸುರು. ನಿಮ್ಮ ಕಾಕಾ ಬರಲಿ, ಕೂಡಸ್ತೇನಿ.”

ಕಾಕಾ ಬರಲಿಲ್ಲ. ಅವನ ದಿನಕರ್ಮ ಮುಗಿದ ಮೇಲೆ ಅಪ್ಪ ಮಗ್ಗ ಬಿಚ್ಚಿಸುವ ಮಾತು ತೆಗೆದ. ಅದು ಹೋದರೆ ಆ ಮನೆಯಲ್ಲಿ ಕಾಕೂಗೆ ಏನು ಉಳಿಯುತ್ತದೆಂದು ಯಾರೂ ಕೇಳಲಿಲ್ಲ. ಅವಳು ಬೂದಿಯ ಬಟ್ಟಲು ತಂದಿಟ್ಟುಕೊಂಡು ಕೂತಳು. ಉಣ್ಣಲು ಕರೆದರೂ ಏಳಲಿಲ್ಲ. ಮರುದಿನ ಸಂಜೆಯ ಹೊತ್ತಿಗೆ ಹೊಸ ಹಾಸಿನ ಎಲ್ಲ ಎಳೆ ಕೂಡಿಸಿ, ಸೀರೆ ಸಾವರಿಸಿಕೊಂಡು, ಆ ಮನೆಯ ಹೆಂಗಸರು ಎಂದೂ ಇಳಿಯದ ಕುಣಿಯಲ್ಲಿ ಇಳಿದು ಕೂತಳು. ಕಾಕಾ ಎತ್ತರದ ಆಳು, ಕಾಕೂ ಗಿಡ್ಡ. ಹಗ್ಗಕ್ಕೆ ತೂಗುಬಿಟ್ಟ ತುಳಿಯುವ ಹಲಗೆ ಅವಳ ಕಾಲಿಗೆ ಎಟುಕಲಿಲ್ಲ.

“ಹಗ್ಗ ಗಿಡ್ಡ ಮಾಡ್ಲೇನವಾ?” ಅಪ್ಪ ಮೆತ್ತಗೆ ಕೇಳಿದ. ಮಗ್ಗ ಬಿಚ್ಚುವ ಮಾತು ಅವನ ಬಾಯಲ್ಲಿ ಮತ್ತೆ ಬರಲಿಲ್ಲ.

ಕಾಕೂ ಕತ್ತಲಾಗಿದ್ದ ಕುಣಿಯೊಳಗೆ ಬಹಳ ಹೊತ್ತು ನೋಡಿದಳು. “ಬ್ಯಾಡ್ರಿ ಭಾವಾರ. ಅವರ ಅಳತಿ ಹಂಗ ಇರಲಿ.”

ಆ ಹಾಸು ನೇಯದೆಯೇ ಮಗ್ಗದ ಮೇಲೆ ಬಣ್ಣಗೆಟ್ಟಿತು. ತಾನಿರುವವರೆಗೂ ಕಾಕೂ ಮುಂಜಾನೆ ಎದ್ದು ಸೆರಗಿನಿಂದ ಅದರ ಧೂಳು ಒರೆಸುತ್ತಿದ್ದಳು, ಒಂದೆಳೆಯೂ ಹರಿಯದ ಹಾಗೆ.