ಸಂಪರ್ಕ ಕಡಿಯದೆ ದಾರಿ ಬದಲಿಸಿದ ಶ್ರೀಗೌರಿ

ಕಾಸರಕೋಡದ ಶ್ರೀಗೌರಿ ಹೊನ್ನಾವರದ ಒಂದು ಸಣ್ಣ ಇಂಟರ್ನೆಟ್ ಕಂಪನಿಗೆ ಸೇರಿ ಒಂಬತ್ತು ವರ್ಷವಾಯಿತು. ಡಿಪ್ಲೊಮಾ ಮುಗಿಸಿ ಬಂದಾಗ ಫೋನಿನಲ್ಲಿ ದೂರು ಕೇಳುವುದಷ್ಟೇ ಅವಳ ಕೆಲಸ. ಈಗ ಭಟ್ಕಳದಿಂದ ಕುಮಟಾದವರೆಗಿನ ನಾಲ್ಕು ಸಾವಿರ ಮನೆಗಳ ಇಂಟರ್ನೆಟ್ಟಿಗೆ ದಾರಿ ಹಾಕುವ ರೂಟರ್ ಅವಳ ಸುಪರ್ದಿಯಲ್ಲಿದೆ. ಹೊರಹೋಗುವ ಲೈನು ಎರಡು: ಒಂದು ಕುಮಟಾ ಕಡೆಗೆ, ಒಂದು ಭಟ್ಕಳ ಕಡೆಗೆ. ಆಚೆ ತುದಿಯ ರೂಟರುಗಳು ತಾವು ಎಲ್ಲೆಲ್ಲಿಗೆ ತಲುಪಿಸಬಲ್ಲೆವೆಂದು ಪಟ್ಟಿ ಕಳಿಸುತ್ತವೆ. ಯಾವ ಪಟ್ಟಿಗೆ ಎಷ್ಟು ಮನ್ನಣೆ ಎಂಬ ನಿಯಮ ಬರೆಯುವವಳು ಇವಳು; ಮನ್ನಣೆ ಹೆಚ್ಚಿದ್ದ ಲೈನಿನಲ್ಲೇ ಮಾಹಿತಿ ಹರಿಯುತ್ತದೆ.

ಮಾಲೀಕ ಕೃಷ್ಣಾನಂದ ಕೇಬಲ್ ಟೀವಿ ಕಾಲದವರು. ಚಿತ್ರ ಮಸುಕಾದರೆ ವಯರು ಕಿತ್ತು ಮತ್ತೆ ಚುಚ್ಚಿ ಪಳಗಿದ ಕೈ. ರೂಟರಿಗೂ ಅವರದು ಅದೇ ಮದ್ದು. ಹೊಸ ನಿಯಮ ತಾಗುವುದು ಪಟ್ಟಿ ಹೊಸದಾಗಿ ಬಂದಾಗ ಮಾತ್ರ, ಹಾಗಾಗಿ ನಿಯಮ ಬದಲಾದಾಗಲೆಲ್ಲ ಆಚೆಯ ರೂಟರಿನ ಸಂಪರ್ಕ ಕಡಿದು ಕೂಡಿಸುವುದು. ಹಳೆಯ ಪಟ್ಟಿ ಅಳಿದು ಹೊಸದು ಬರುವಷ್ಟರಲ್ಲಿ ಎರಡು ಮೂರು ನಿಮಿಷ ಊರಿಗೆ ಊರೇ ನೆಟ್ಟಿಲ್ಲದೆ ಕೂರುತ್ತಿತ್ತು.

ಒಂದು ಮಂಗಳವಾರ ಹತ್ತೂವರೆಗೆ ಧಾರೇಶ್ವರದ ಕಂಪ್ಯೂಟರ್ ಕೇಂದ್ರದ ಹೇಮಾ ಫೋನ್ ಮಾಡಿದಳು. ಅಲ್ಲಿ ಇಪ್ಪತ್ತೆರಡು ಹುಡುಗಿಯರು ನರ್ಸ್ ಕೆಲಸದ ಆನ್‌ಲೈನ್ ಪರೀಕ್ಷೆ ಬರೆಯುತ್ತಿದ್ದರು. ಅವರ ಮುಖ ಕ್ಯಾಮೆರಾದಲ್ಲಿ ಸತತವಾಗಿ ಪರೀಕ್ಷಕರಿಗೆ ಕಾಣಬೇಕು. ಒಂದು ನಿಮಿಷ ತಪ್ಪಿದರೆ ಪತ್ರಿಕೆ ಮುಚ್ಚಿಹೋಗುತ್ತದೆ.

"ಗೌರಕ್ಕಾ, ಇಬ್ರಿಗೆ ಎಚ್ಚರಿಕೆ ಬಂತು. ಮುಖ ತುಂಡು ತುಂಡಾಗಿ ಕಾಣ್ತದೆ ಅಂಬ್ರು. ಎಂತ ಮಾಡೂದು?"

ಪರೀಕ್ಷೆಯ ಮಾಹಿತಿ ಹೋಗುತ್ತಿದ್ದ ಕುಮಟಾ ಲೈನು ಮುಂದೆಲ್ಲೋ ಸೋರುತ್ತಿತ್ತು; ಕಳಿಸಿದ್ದರಲ್ಲಿ ಅಷ್ಟಿಷ್ಟು ದಾರಿಯಲ್ಲೇ ಕಳೆದುಹೋಗುತ್ತಿತ್ತು. ಕಾಯುವಂತಿಲ್ಲ, ಕಡಿಯುವಂತೆಯೂ ಇಲ್ಲ.

"ಕುಮಟಾದ ಮನ್ನಣೆ ಇಳ್ಸು, ಕಡ್ದು ಕೂಡ್ಸು. ಆತು," ಎಂದರು ಕೃಷ್ಣಾನಂದ.

"ಕಡದ್ರೆ ಅವ್ರ ಪರೀಕ್ಷೆನೂ ಕಡದಂಗೆ, ಕೃಷ್ಣಣ್ಣ."

"ಮತ್ತೆಂತ, ರೂಟರಿಗೆ ಮಂಗಳಾರತಿ ಎತ್ತೂದಾ?"

"ಪಟ್ಟಿ ಮತ್ತೊಂದ್ಸಲ ಕೊಡು ಅಂತ ಕೇಳ್ತೆ. ಕಡೀದೇ."

ಹಾಗೆ ಕೇಳಲು ಬರುತ್ತದೆ. ಆದರೆ ಆಚೆಯ ರೂಟರಿಗೂ ಆ ಮಾತು ತಿಳಿಯಬೇಕು. ಸಂಪರ್ಕ ಶುರುವಾದ ದಿನ ಎರಡೂ ತುದಿಯ ರೂಟರುಗಳು ಪರಸ್ಪರ ಒಪ್ಪಿದ ವಿವರಗಳನ್ನು ಅವಳು ತೆಗೆದು ನೋಡಿದಳು. ಕುಮಟಾದ್ದು ಹಳೆಯ ಯಂತ್ರ, ಅದಕ್ಕೆ ತಿಳಿಯದು. ಭಟ್ಕಳದ್ದಕ್ಕೆ ತಿಳಿಯುತ್ತದೆ. ಹಾಗಾದರೆ ಕುಮಟಾದ ಮನ್ನಣೆ ಇಳಿಸುವ ಬದಲು ಭಟ್ಕಳದ್ದನ್ನು ಏರಿಸಿದರಾಯಿತು. ತಪ್ಪಿದರೂ ಊರೆಲ್ಲ ನಿಲ್ಲಬಾರದೆಂದು, ಪರೀಕ್ಷೆಯ ಸರ್ವರ್ ಇರುವ ವಿಳಾಸಗಳಿಗೆ ಮಾತ್ರ ನಿಯಮ ಬರೆದಳು. ಎರಡು ಸಲ ಓದಿದಳು. ಪಟ್ಟಿ ಮರಳಿ ಕಳಿಸುವಂತೆ ಕೇಳುವ ಕಮಾಂಡ್ ಕೊಟ್ಟಳು.

ಪರದೆಯಲ್ಲಿ ಭಟ್ಕಳದ ಸಂಪರ್ಕದ ವಯಸ್ಸು ನಲವತ್ತೊಂದು ದಿನ ಎಂದಿತ್ತು. ಕಡಿದಿದ್ದರೆ ಸೊನ್ನೆಯಾಗಬೇಕಿತ್ತು. ನಲವತ್ತೊಂದೇ ಇತ್ತು. ಹೊಸ ಪಟ್ಟಿ ಬರುವವರೆಗೆ ಹಳೆಯದು ಅಳಿಯಲಿಲ್ಲ.

"ಹೇಮಾ, ಈಗ ಹ್ಯಾಂಗದೆ?"

"ತಡಿ, ನೋಡ್ತೆ... ಎಲ್ಲರ ಮುಖವೂ ಸರಿ ಕಾಣ್ತದೆ! ನೀ ಶುರು ಮಾಡ್ದ್ಯಾ ಇನ್ನೂ ಇಲ್ವಾ?"

"ಮುಗೀತು, ಮಾರಾಯ್ತಿ."

ಹನ್ನೆರಡೂವರೆಗೆ ಇಪ್ಪತ್ತೆರಡೂ ಪತ್ರಿಕೆ ಸಲ್ಲಿಕೆಯಾದವೆಂದು ಹೇಮಾ ತಿಳಿಸಿದಳು. ಕೃಷ್ಣಾನಂದ ಕುರ್ಚಿ ಎಳೆದುಕೊಂಡು ಪಕ್ಕಕ್ಕೆ ಬಂದರು.

"ಉಳ್ದ ವಿಳಾಸಗಳ್ನೂ ಭಟ್ಕಳದ ಕಡೆ ಹಾಕ್ಬೇಕಲ್ಲ. ನೀ ಹೇಳು, ನಾ ಟೈಪ್ ಮಾಡ್ತೆ. ನಿಧಾನ ಹೇಳು ಆಯ್ತಾ, ನಂಗೆ ವಯಸ್ಸಾತು."

ಶ್ರೀಗೌರಿ ಕೀಬೋರ್ಡನ್ನು ಅವರತ್ತ ಸರಿಸಿ ಮೊದಲ ಅಕ್ಷರದಿಂದ ಹೇಳತೊಡಗಿದಳು.