ಹಳದಿ ರೇನ್‌ಕೋಟಿನ ಕುರಿ ಕಾಯುವವನು

ಐರ್ಲೆಂಡಿನ ಆ ಫೋಟೋಗಳನ್ನು ತೆಗೆದವನು ನಾನಲ್ಲ. ತೆಗೆದವಳು ನನ್ನ ಹೆಂಡತಿ ಪುಟ್ಟಲಕ್ಷ್ಮಿ — ಮೂಲೆಯಲ್ಲಿ ಗಾಜು ಸೀಳುಬಿಟ್ಟ ತನ್ನ ಹಳೇ ಫೋನಿನಲ್ಲಿ. ಹೋದ ವರ್ಷ ನಂಜನಗೂಡಿನ ಛತ್ರದಲ್ಲಿ ಅವನ್ನು ಸಾಲಾಗಿ ತೂಗುಹಾಕಿದಾಗ ನೀವೆಲ್ಲ ಬಂದಿರಿ, ನನ್ನ ಕೈ ಕುಲುಕಿದಿರಿ, 'ಏನ್ ಕಣ್ಣು ಸಾ ನಿಮ್ದು' ಎಂದಿರಿ. ನಾನು ಹಲ್ಲು ಕಿರಿದು ನಿಂತಿದ್ದೆ. ಆ ಕಣ್ಣು ನನ್ನದಲ್ಲ ಅನ್ನಬೇಕಿತ್ತು — ಒಂದೇ ಒಂದು ಮಾತು. ಅನ್ನಲಿಲ್ಲ.

ನಾನು ಯಾರೆಂದು ನಂಜನಗೂಡಿನವರಿಗೆ ಹೇಳಬೇಕಿಲ್ಲ, ಉಳಿದವರಿಗೆ ಹೇಳುತ್ತೇನೆ. ಪೇಟೆಯಲ್ಲಿ ಸ್ಟುಡಿಯೋ ಇಟ್ಟಿರುವ ಮದುವೆ ಫೋಟೋಗ್ರಾಫರ್. ತಾಂಡವಪುರದಿಂದ ಬದನವಾಳಿನವರೆಗೆ ನನ್ನ ಕ್ಯಾಮೆರಾದ ಮುಂದೆ ನಿಲ್ಲದೆ ಯಾರ ಮದುವೆಯೂ ಮುಗಿದಿಲ್ಲ ಎಂದು ಕೊಚ್ಚಿಕೊಳ್ಳುವ ಚಾಳಿ ನನಗಿದೆ. ಹುಡುಗಿ ಕಡೆಯವರು ಇತ್ತ, ಹುಡುಗನ ಕಡೆಯವರು ಅತ್ತ, ಎತ್ತರದವರು ಹಿಂದೆ, ಮಕ್ಕಳು ಕೆಳಗೆ, ಗಲ್ಲ ಸ್ವಲ್ಪ ಎತ್ತಿ — ಇಷ್ಟೇ ನನಗೆ ಗೊತ್ತಿರುವ ವಿದ್ಯೆ. ಅದನ್ನೇ ವಿಮಾನ ಹತ್ತಿಸಿಕೊಂಡು ಹೋಗಿದ್ದೆ.

ಪುಟ್ಟಲಕ್ಷ್ಮಿಯ ತಂಗಿಯ ಮಗಳು ಐರ್ಲೆಂಡಿನಲ್ಲಿ ನರ್ಸು. ಅವಳ ಬಾಣಂತನಕ್ಕೆ ಇವಳನ್ನು ಕರೆಸಿಕೊಂಡಳು. ಇವಳ ಜೊತೆಗೆ ನಾನೂ ಹೊರಟೆ. ಇವಳ ಚೀಲದಲ್ಲಿ ರಾಗಿಹಿಟ್ಟು, ಮೆಣಸು, ಓಮ. ನನ್ನ ಚೀಲದಲ್ಲಿ ಎರಡು ಕ್ಯಾಮೆರಾ, ಒಂದು ಸ್ಟ್ಯಾಂಡು. ಮಗುವಿನ ಸ್ನಾನ ಮುಗಿದು, ಬಾಣಂತಿ ಮಲಗಿದ ಮೇಲೆ ನಾವಿಬ್ಬರೂ ತಿರುಗಾಡಲು ಹೋಗುತ್ತಿದ್ದೆವು. ಅಲ್ಲಿಯ ಹಸುರು ನೋಡಿ ಮುಡುಕುತೊರೆಯಲ್ಲಿ ಹುಟ್ಟಿದ ನನ್ನ ಹೆಂಡತಿ ಕೇಳಿದ ಮೊದಲ ಪ್ರಶ್ನೆ, 'ಇಷ್ಟ್ ಹುಲ್ಲಿಗೆ ಒಂದಾದ್ರೂ ಎಮ್ಮೆ ಬ್ಯಾಡ್ವೇನ್ರೀ?'

ಡಬ್ಲಿನ್ ಪಟ್ಟಣದಲ್ಲಿ ನಾನು ಹೂ ಮಾರುವ ಹೆಂಗಸನ್ನು ನಿಲ್ಲಿಸಿದೆ, ಪೊಲೀಸನ್ನು ನಿಲ್ಲಿಸಿದೆ, ಬೀದಿಯಲ್ಲಿ ಪಿಟೀಲು ನುಡಿಸುತ್ತಿದ್ದವನ ಕೈಯಿಂದ ಪಿಟೀಲು ಕೆಳಗಿಡಿಸಿ ನಿಲ್ಲಿಸಿದೆ. ಪಾಪ, ಒಳ್ಳೆಯ ಜನ, ನಿಂತರು. ಊರಿಗೆ ಬಂದು ನೋಡಿದರೆ ಎಲ್ಲರ ಮುಖದಲ್ಲೂ ಆಧಾರ್ ಕಾರ್ಡಿನ ಕಳೆ. ಪುಟ್ಟಲಕ್ಷ್ಮಿಯಾದರೋ ಯಾರನ್ನೂ ಏನೂ ಕೇಳಿರಲಿಲ್ಲ. ಅವಳ ಫೋನಿನಲ್ಲಿದ್ದದ್ದೇ ಬೇರೆ: ಗಾಳಿಗೆ ಕೊಡೆ ಉಲ್ಟಾ ಮಗುಚಿಕೊಂಡು, ಸೇತುವೆಯ ನಡುವೆ ನಿಂತು ಬಿದ್ದು ಬಿದ್ದು ನಗುತ್ತಿದ್ದ ಮುದುಕಿ. ಕೆಂಪು ಬಾಗಿಲಿನ ಮುಂದೆ ಒಳಗೆ ಬಿಡಲೆಂದು ಕಾಯುತ್ತಿದ್ದ ಬೆಕ್ಕು. ಮಣ್ಣಿಲ್ಲದೆ ಬರೀ ಕಲ್ಲು ಪೇರಿಸಿದ ಗೋಡೆಯ ಮೇಲೆ ಯಾರೋ ಮರೆತುಹೋದ ಟೋಪಿ. ಹೊಟ್ಟೆ ಉರಿಯಿತು, ಇಲ್ಲ ಅನ್ನುವುದಿಲ್ಲ.

ಎಲ್ಲಕ್ಕಿಂತ ಹೆಚ್ಚಾಗಿ, ಆ ಕುರಿಗಳ ಫೋಟೋ. ಹಳ್ಳಿಯೊಂದರ ದಾರಿಯಲ್ಲಿ ಕುರಿಹಿಂಡು ಅಡ್ಡ ಬಂತು. ಸಣ್ಣ ಮಳೆ. ನಾನು ಹಳದಿ ರೇನ್‌ಕೋಟು ತೊಟ್ಟು, ತಲೆಗೆ ಮುಸುಕೆಳೆದು, ಕ್ಯಾಮೆರಾ ಸಮೇತ ಸ್ಟ್ಯಾಂಡನ್ನು ಬೇಲಿಗೊರಗಿಸಿ ಮುಂದೆ ಹೋದೆ. ಕೈಯೆರಡೂ ತಾವಾಗಿ ಮೇಲೆದ್ದವು. 'ಹಿಂದಿನವ್ರು ಸ್ವಲ್ಪ ಮುಂದೆ ಬನ್ನಿ... ಹತ್ತಿರ, ಹತ್ತಿರ ನಿಂತ್ಕಳಿ' — ಬಾಯಿಗೆ ಬಂದದ್ದು ಅದೇ. ಕುರಿಗಳಿಗೆ! ತಮಾಷೆಯೆಂದರೆ ಅವು ನಿಂತವು. ಬೀಗರ ಹಾಗೆ ಸಾಲಾಗಿ ನಿಂತು ನನ್ನನ್ನೇ ದಿಟ್ಟಿಸಿದವು. ನಾನು ಕ್ಯಾಮೆರಾ ತರಲು ತಿರುಗುವಷ್ಟರಲ್ಲಿ ಚೆದುರಿದವು. ಆದರೆ ಹಿಂದಿನಿಂದ ಪುಟ್ಟಲಕ್ಷ್ಮಿ ಅದಾಗಲೇ ಫೋನಿನಲ್ಲಿ ಹಿಡಿದುಬಿಟ್ಟಿದ್ದಳು: ಮಂಜಿನ ಗುಡ್ಡ, ಶಿಸ್ತಾಗಿ ನಿಂತ ಕುರಿಗಳು, ಅವುಗಳ ಮುಂದೆ ಎರಡೂ ಕೈಯೆತ್ತಿದ ಒಂದು ಹಳದಿ ಬೆನ್ನು.

ಛತ್ರದಲ್ಲಿ ನೀವು ಹೆಚ್ಚು ಹೊತ್ತು ನಿಂತದ್ದು ಆ ಫೋಟೋದ ಮುಂದೆಯೇ. ನಿಮ್ಮಲ್ಲೇ ಒಬ್ಬರು ಕೇಳಿದಿರಿ, 'ಇವ್ನ್ಯಾರು ಸಾ, ಕುರಿಗಳ್ಗೆ ಭಾಷಣ ಮಾಡ್ತಾವ್ನಲ್ಲ?' ಅಲ್ಲಿಗೆ ಮುಗಿಸಬಹುದಿತ್ತು. ಇದು ನಾನೇ, ತೆಗೆದವಳು ಅಗೋ ಅಲ್ಲಿ ಕೂತಿದ್ದಾಳೆ ಎಂದಿದ್ದರೆ ಛತ್ರವೆಲ್ಲ ನಗುತ್ತಿತ್ತು, ನಾನೂ ನಗುತ್ತಿದ್ದೆ. ಅವಳು ಮುಂದಿನ ಸಾಲಿನಲ್ಲಿ ಕೂತು, ಸೆರಗು ಸರಿಮಾಡಿಕೊಂಡು, ನನ್ನ ಬಾಯನ್ನೇ ನೋಡುತ್ತಿದ್ದಳು. ನಾನು ಹೇಳಿದೆ —

'ಅವ್ನು ಅಲ್ಲಿಯ ಕುರಿ ಕಾಯೋನು.'

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ನನಗೆ ಶಾಲು ಹೊದಿಸಿದಿರಿ, ಹಾರ ಹಾಕಿದಿರಿ. ಹಣ್ಣಿನ ಬುಟ್ಟಿ ಭಾರವಿತ್ತು. ಮನೆಗೆ ಹೊತ್ತುಕೊಂಡು ಬಂದವಳು ಅವಳು.

ಊಟಕ್ಕೆ ಕೂತಾಗ ತಟ್ಟೆ ಇಟ್ಟು ಕೇಳಿದಳು, 'ಕುರಿ ಕಾಯೋರ್ಗೆ ಮುದ್ದೆ ಹಾಕ್ಲಾ, ಅನ್ನ ಹಾಕ್ಲಾ?' ನಾನು ನಕ್ಕೆ. ಅವಳೂ ನಕ್ಕಳು. ಅಲ್ಲಿಗೆ ಮುಗಿಯಿತು ಎಂದುಕೊಂಡೆ — ಎಂಥ ದಡ್ಡ ನೋಡಿ. ಮೂವತ್ತು ವರ್ಷ ಜನರ ನಗುವಿನ ಫೋಟೋ ತೆಗೆದವನಿಗೆ ಮನೆಯೊಳಗಿನ ನಗು ಓದಲು ಬರಲಿಲ್ಲ.

ಅವಳು ಫೋಟೋ ತೆಗೆಯುವುದನ್ನು ನಿಲ್ಲಿಸಿದ್ದಾಳೆ ಎಂದು ನನಗೆ ಗೊತ್ತಾದದ್ದು ತೀರಾ ಈಚೆಗೆ, ತಿ. ನರಸೀಪುರದಲ್ಲಿ. ನೆಂಟರ ಗೃಹಪ್ರವೇಶಕ್ಕೆಂದು ಹೋದವರು ಹೊಳೆಯ ಮೆಟ್ಟಿಲ ಮೇಲೆ ನಿಂತಿದ್ದೆವು. ತೆಪ್ಪವೊಂದರಲ್ಲಿ ಯಾರೋ ಹೊಸ ಬೀರು ಸಾಗಿಸುತ್ತಿದ್ದರು. ಬೀರುವಿನ ಕನ್ನಡಿಯಲ್ಲಿ ಆಕಾಶ, ಮೋಡ. ಅದನ್ನು ತಬ್ಬಿ ಹಿಡಿದವನ ಮುಖದಲ್ಲಿ ಮದುಮಗನ ಗಾಬರಿ. ಇಂಥದ್ದನ್ನು ಅವಳು ಬಿಡುವವಳೇ ಅಲ್ಲ. 'ತೆಗಿಯೇ, ಬೇಗ' ಎಂದೆ.

'ಯಾಕ್ರೀ? ತೆಗದ್ರೆ ನಿಮ್ಮೆಸ್ರಿಗೇ ತಾನೆ ಓಗೋದು.'

ಸಿಟ್ಟಿನಿಂದ ಅನ್ನಲಿಲ್ಲ. ತೆಪ್ಪ ಆಚೆ ದಡ ಮುಟ್ಟುವವರೆಗೂ ಕಣ್ಣು ಕೀಳದೆ ನೋಡಿದಳು, ಅಷ್ಟೇ. ಫೋನು ಚೀಲದೊಳಗೇ ಇತ್ತು. ಆಗ ನನಗೆ ನಿಜವಾಗಿ ಹೆದರಿಕೆಯಾಯಿತು. ನಾನು ಕದ್ದದ್ದು ಬರೀ ಫೋಟೋ ಅಲ್ಲ — ತೆಗೆಯುವ ಅವಳ ಖುಷಿಯನ್ನೇ...

ಮನೆಗೆ ಬಂದು, 'ತಪ್ಪಾಯ್ತು ಕಣೇ' ಎಂದೆ. ಅವಳು ಒಲೆಯ ಮುಂದೆ ಇದ್ದಳು, ತಿರುಗಲೂ ಇಲ್ಲ. 'ನಂಗೇಳಿ ಏನ್ರೀ ಬಂತು? ನಂಗೊತ್ತಿರೋದೇ ಅಲ್ವಾ. ಗೊತ್ತಿಲ್ದೋರ್ಗೇಳಿ.'

ಅದಕ್ಕೇ ಇದು. ಗೊತ್ತಿಲ್ಲದವರು ನೀವು, ಈಗ ನಿಮಗೂ ಗೊತ್ತಾಯಿತು. ಯಾಕೆ ಹಾಗೆ ಮಾಡಿದೆ ಎಂದು ಕೇಳಬೇಡಿ — ಹೊಗಳಿಕೆ ರುಚಿಯಾಗಿತ್ತು, ತಿಂದೆ. ಬೇರೆ ಕಾರಣ ಹುಡುಕಿದರೆ ಅದು ಇನ್ನೊಂದು ಸುಳ್ಳಾಗುತ್ತದೆ.

ಬರುವ ಭಾನುವಾರ ಅವೇ ಫೋಟೋಗಳನ್ನು ನರಸೀಪುರದವರು ತಮ್ಮೂರಿನ ಛತ್ರದಲ್ಲಿ ಹಾಕಿಸುತ್ತಿದ್ದಾರೆ. ಪ್ರತಿಯೊಂದರ ಕೆಳಗೂ ಪುಟ್ಟಲಕ್ಷ್ಮಿಯ ಹೆಸರಿರುತ್ತದೆ. ಕುರಿಗಳ ಫೋಟೋದ ಪಕ್ಕದಲ್ಲಿ ನಾನು ಅದೇ ರೇನ್‌ಕೋಟು ತೊಟ್ಟು, ನಿಮಗೆ ಬೆನ್ನು ಮಾಡಿ, ಎರಡೂ ಕೈಯೆತ್ತಿ ನಿಲ್ಲುತ್ತೇನೆ. ಹೋಲಿಸಿ ನೋಡಿ. ನಗು ಬಂದರೆ ಧಾರಾಳವಾಗಿ ನಗಿ. ಹೋದ ವರ್ಷದ್ದು ಬಾಕಿ ಇದೆ. ಶಾಲು ತಂದರೆ ಅವಳಿಗೆ ಹೊದಿಸಿ. ಬುಟ್ಟಿ ನಾನು ಹೊರುತ್ತೇನೆ.

ಅವಳು ಮುಂದಿನ ಸಾಲಿನಲ್ಲೇ ಕೂತಿರುತ್ತಾಳೆ. ಫೋನು ತರುತ್ತಾಳೋ ಇಲ್ಲವೋ ಗೊತ್ತಿಲ್ಲ; ಕೇಳುವ ಮುಖ ನನಗಿಲ್ಲ. ಬೆನ್ನು ಮಾಡಿ ನಿಂತಿರುತ್ತೇನಲ್ಲ — ಅವಳು ತೆಗೆದರೂ ನನಗೆ ಕಾಣುವುದಿಲ್ಲ.