ಅಂಗಡಿಗೆ ಬರುತ್ತಿದ್ದ ಮೊಮ್ಮಗಳ ಹಾಜರಿ

ನಿನ್ನೆ ಮಧ್ಯಾಹ್ನ ಹನ್ನೆರಡೂವರೆಗೆ ನೀವು ಎಲ್ಲಿದ್ದಿರಿ ಎಂದು ನಿಮ್ಮೂರಿನ ಅಂಗಡಿಯವನಿಗೆ ಗೊತ್ತೇ? ಗೊತ್ತಿಲ್ಲ ತಾನೇ? ಹಾಗಾದರೆ ನೀವು ಪುಣ್ಯವಂತರು. ನಮ್ಮ ಹಾರನಹಳ್ಳಿಯಲ್ಲಿ ಒಂದು ಮಳೆಗಾಲ ಪೂರ್ತಿ, ಅರಸೀಕೆರೆಗೆ ಓದಲು ಹೋಗುತ್ತಿದ್ದ ಒಂಬತ್ತು ಮಕ್ಕಳು ಯಾವ ಗಳಿಗೆಯಲ್ಲಿ ಸ್ಕೂಲಿನ ಒಳಗಿದ್ದಾರೆ, ಯಾವ ಗಳಿಗೆಯಲ್ಲಿ ಹೊರಗಿದ್ದಾರೆ ಎನ್ನುವುದು ಅಂಗಡಿಯವನಿಗೆ ಗೊತ್ತಿತ್ತು. ಅವನಿಗೆ ಗೊತ್ತಾದದ್ದು ಊರಿಗೆ ಗೊತ್ತಾಗದೆ ಇರುತ್ತದೆಯೇ? ಹಾಗಾಗಲು ದಾರಿ ಮಾಡಿಕೊಟ್ಟವರಲ್ಲಿ ನಾನೂ ಒಬ್ಬಳು.

ಎರಡು ಸಾವಿರದ ಏಳೆಂಟನೇ ಇಸವಿಯ ಮಾತು. ನಮ್ಮ ಬೀದಿಯಲ್ಲಿ ಮೊಬೈಲು ಇದ್ದವರನ್ನು ಬೆರಳಲ್ಲಿ ಎಣಿಸಬಹುದಿತ್ತು. ಮೊಮ್ಮಗಳು ಆಗ ಒಂಬತ್ತನೇ ಕ್ಲಾಸು. ಜೂನ್ ತಿಂಗಳಲ್ಲಿ ಅವಳ ಸ್ಕೂಲಿನ ಗೇಟಿಗೆ ಒಂದು ಪೆಟ್ಟಿಗೆ ಕೂರಿಸಿದರು. ಮಕ್ಕಳ ಕೊರಳಿಗೆಲ್ಲ ಫೋಟೋ ಇರುವ ಕಾರ್ಡು. ಬರುವಾಗ ಹೋಗುವಾಗ ಕಾರ್ಡನ್ನು ಪೆಟ್ಟಿಗೆಗೆ ತೋರಿಸಿದರೆ ಅದು ಕೀಂಕ್ ಎನ್ನುತ್ತದೆ, ಮನೆಯ ಮೊಬೈಲಿಗೆ ಮೆಸೇಜು ಹೋಗುತ್ತದೆ. ಟೆಸ್ಟಿನ ಮಾರ್ಕೂ ಹಾಗೇ ಬರುತ್ತದೆ. ಮಗ ತೆಂಗಿನಕಾಯಿ ಕೆಡವಿಸುತ್ತಿದ್ದನಾದ್ದರಿಂದ ಪೋಷಕರ ಸಭೆಗೆ ಹೋದವಳು ನಾನು. ಹೆಡ್ ಮೇಡಂ ಯಂತ್ರ ತೋರಿಸಿದಾಗ ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದವಳೂ ನಾನೇ.

ಆಮೇಲೆ ಒಂದು ಫಾರಂ ಕೊಟ್ಟು ಫೋನ್ ನಂಬರ್ ಕೇಳಿದರು. ನಮ್ಮ ಮನೆಯಲ್ಲಿ ಫೋನಿರಲಿಲ್ಲ. ಅದಕ್ಕೇನಂತೆ ಎಂದು ಅಂಗಡಿಯವನ ಮೊಬೈಲ್ ನಂಬರ್ ಬರೆಸಿದೆ. ನಮ್ಮೂರಲ್ಲಿ ಅದೇ ರೂಢಿ. ನನ್ನ ತೌರಿನ ಕಾಗದ, ಅಕ್ಕ ಹೋದಳೆಂಬ ತಂತಿ, ಮಗನಿಗೆ ಹೆಣ್ಣು ಕೊಡುತ್ತೇವೆಂದು ಬಂದ ಪತ್ರ, ಎಲ್ಲವೂ ಕೇರಾಫ್ ಅಂಗಡಿಯೇ. ಈಗ ಕೂತಿರುವವನ ಅಪ್ಪ, ಅವನ ಅಪ್ಪ ಎಲ್ಲರೂ ಅಕ್ಕಿ ಬೇಳೆಯ ಜೊತೆಗೆ ಊರಿನ ಸುದ್ದಿಯನ್ನೂ ಕೊಟ್ಟವರು. ಇನ್ನೂ ಎಂಟು ಮನೆಯವರು ಅದೇ ನಂಬರ್ ಬರೆಸಿದ್ದರು. ಯಾರಿಗೂ ಎರಡನೇ ಯೋಚನೆ ಬರಲಿಲ್ಲ.

ಶುರುವಾಯಿತು ನೋಡಿ. ಅಂಗಡಿಯವನು ಪಿಯುಸಿ ಓದಿದವನು. ಇಂಗ್ಲಿಷಿನಲ್ಲಿ ಬಂದದ್ದನ್ನು ಕನ್ನಡದಲ್ಲಿ ಓದಿ ಹೇಳುತ್ತಿದ್ದ. ಸಂಜೆ ಬೆಂಚಿನ ಮೇಲೆ ಜಾಗ ಸಿಗುತ್ತಿರಲಿಲ್ಲ. ಮನೆಯಲ್ಲಿ ವೀಳ್ಯದೆಲೆ ಇದ್ದರೂ ನಾನು ಎಲೆ ತರುವ ನೆಪದಲ್ಲಿ ಹೋಗುತ್ತಿದ್ದೆ. ಯಾರ ಮಗ ಎಷ್ಟು ಗಂಟೆಗೆ ಸ್ಕೂಲು ತಪ್ಪಿಸಿದ, ಯಾರಿಗೆ ಟೆಸ್ಟಿನಲ್ಲಿ ಎಷ್ಟು ಬಂತು, ಎಲ್ಲವೂ ಅಲ್ಲೇ. ನಕ್ಕು ನಕ್ಕು ಸೆರಗಿನಲ್ಲಿ ಕಣ್ಣು ಒರೆಸಿಕೊಂಡು ಬರುತ್ತಿದ್ದೆ.

ಸೆಪ್ಟೆಂಬರಿನ ಒಂದು ಸಂಜೆ ಅಂಗಡಿಯವನು ನನ್ನ ಕಡೆ ತಿರುಗಿದ.

“ಅಜ್ಜಿ, ನಿಮ್ ಮೊಮ್ಮಗಳು ಇವತ್ತು ಹನ್ನೆಲ್ಡೂವರೆಗೇ ಗೇಟ್ ಬಿಟ್ಟವ್ಳೆ ಕಣಜ್ಜಿ.”

“ಹೊಟ್ಟೆ ನೋವೇನೋ ಬಿಡಪ್ಪ” ಎಂದೆ.

ಬೆಂಚಿನಲ್ಲಿದ್ದ ಒಬ್ಬ ಬೀಡಿ ಆರಿಸಿ ಕೇಳಿದ, “ಹೋದ ತಿಂಗ್ಳೂ ಹಿಂಗೇ ಎಲ್ಡು ದಿನ ಬಿಟ್ಟಿದ್ಲಲ್ವಾ?”

ಅಂಗಡಿಯವನು ಫೋನಿನ ಗುಂಡಿ ಒತ್ತುತ್ತ ಹಿಂದಕ್ಕೆ ಹೋದ. ಹಳೆಯದೆಲ್ಲ ಹಾಗೇ ಇತ್ತು. ಆಗಸ್ಟಿನಲ್ಲಿ ಎರಡು ದಿನ, ಜುಲೈನಲ್ಲಿ ಎರಡು ದಿನ, ಎಲ್ಲವೂ ತಾರೀಖಿನ ಸಮೇತ.

“ಬಸ್ಸಿಂದ ಇಳಿಯೋದು ಮಾತ್ರ ದಿನದಂಗೆ ನಾಕೂವರೆಗೇ. ನಡುವೆ ಎಲ್ಲಿರ್ತಾಳೆ?” ಎಂದ ಬೀಡಿಯವನು.

“ಅರಸೀಕೆರೇಲಿ ಟಾಕೀಸಿಗೇನ್ ಬರವಾ?” ಎಂದ ಇನ್ನೊಬ್ಬ.

ಬೆಂಚು ನಕ್ಕಿತು. ಆವತ್ತು ನನಗೆ ನಗು ಬರಲಿಲ್ಲ. ನಾನು ಮನೆ ಮುಟ್ಟುವ ಮೊದಲೇ ಮಾತು ಮಗನನ್ನು ಮುಟ್ಟಿತ್ತು.

“ಅವ್ವ, ನಾಳೆಯಿಂದ ಇವ್ಳು ಸ್ಕೂಲಿಗೋಗೋದ್ ಬ್ಯಾಡ. ಊರೋರ ಬಾಯಿಗೆ ಬಿದ್ದವ್ಳೆ” ಎಂದು ಕೂಗಾಡಿದ. “ಎಲ್ಲೋಯ್ತಿದ್ದೆ? ಬಾಯ್ಬಿಡು!”

ಸೊಸೆ ಮಗಳನ್ನು ನೋಡಿದಳು. ಮೊಮ್ಮಗಳು ತಾಯಿಗೆ ಬೇಡವೆಂಬಂತೆ ತಲೆ ಆಡಿಸಿದಳು. ಅಪ್ಪನ ಮುಂದೆ ನಿಂತು ಹೇಳಿದಳು:

“ಅಜ್ಜೀನ ನಾಳೆ ನನ್ ಜೊತೆ ಕಳ್ಸಪ್ಪ. ಎಲ್ಲಿಗ್ ಹೋಗ್ತೀನಿ ಅಂತ ತೋರಿಸ್ತೀನಿ. ನೋಡ್ಕೊಂಡ್ ಬಂದು ಅಜ್ಜಿ ಸ್ಕೂಲ್ ಬಿಡು ಅಂದ್ರೆ ಬಿಟ್ಬಿಡ್ತೀನಿ.”

ಹದಿನಾಲ್ಕು ವರ್ಷದ ಹುಡುಗಿ ತನ್ನ ಓದನ್ನು ತೆಗೆದು ನನ್ನ ಮಡಿಲಿಗೆ ಹಾಕಿದ್ದಳು. ಬೆಳಿಗ್ಗೆ ಇಬ್ಬರೂ ಅರಸೀಕೆರೆ ಬಸ್ಸು ಹತ್ತಿದೆವು.

ಗೇಟಿನಲ್ಲಿ ಕಾರ್ಡು ತೋರಿಸಿದಳು. ಪೆಟ್ಟಿಗೆ ಕೀಂಕ್ ಎಂದಿತು. ನೇರವಾಗಿ ನನ್ನನ್ನು ಕಟ್ಟಡದ ಹಿಂದಕ್ಕೆ ಕರೆದುಕೊಂಡು ಹೋದಳು. ಹೆಣ್ಣುಮಕ್ಕಳ ಪಾಯಿಖಾನೆ. ಬಾಗಿಲಿಗೆ ಚಿಲಕವಿಲ್ಲ, ನಲ್ಲಿಯಲ್ಲಿ ನೀರಿಲ್ಲ. ಒಬ್ಬಳು ಒಳಗೆ ಹೋದರೆ ಇನ್ನೊಬ್ಬಳು ಹೊರಗೆ ಬಾಗಿಲು ಹಿಡಿದು ನಿಲ್ಲಬೇಕು.

“ಮುಟ್ಟಾದಾಗ ಮೊದಲೆಲ್ಡು ದಿನ ಮಧ್ಯಾಹ್ನದ ಮೇಲೆ ಇಲ್ಲಿ ಇರೋಕಾಗಲ್ಲ ಅಜ್ಜಿ” ಎಂದಳು. “ಹಿಂದಿನ್ ಬೀದೀಲಿ ನನ್ ಫ್ರೆಂಡ್ ಮನೆ ಐತೆ. ಅವರಮ್ಮ ಮನೇಲೇ ಇರ್ತಾರೆ. ಅಲ್ಲಿ ಬಟ್ಟೆ ಬದಲಾಯಿಸ್ಕೊಂಡು, ಕೂತು ಓದ್ಕೊಂಡು, ನಾಲ್ಕರ ಬಸ್ ಹಿಡೀತೀನಿ. ಬಾ, ಅವರನ್ನೇ ಕೇಳು.”

“ಮನೇಲ್ ಯಾಕೆ ಹೇಳ್ಲಿಲ್ವೇ?”

“ಹೇಳಿದ್ರೆ ನೀನು ಮೂರು ದಿನ ಹೊರಗೆ ಕೂರಿಸ್ತಿದ್ದೆ. ಇಲ್ಲಿ ಓದು ತಪ್ಪೋದು ಎಲ್ಡು ಮಧ್ಯಾಹ್ನ, ಮನೇಲಿ ಕೂತ್ರೆ ಮೂರು ದಿನ. ಯಾವ್ದು ಕಮ್ಮಿ ನೀನೇ ಹೇಳು.”

ಹಿತ್ತಿಲ ಜಗಲಿಯಲ್ಲಿ ಹೊರಗಾದವರನ್ನು ಕೂರಿಸುವ ಪದ್ಧತಿಯನ್ನು ಅತ್ತೆಯಿಂದ ಇಸಿದುಕೊಂಡು ಕಾಪಾಡಿದವಳು ನಾನೇ. ಇವಳು ಇನ್ನೂ ಮೈನೆರೆದಿಲ್ಲವೆಂದೇ ನಾನು ತಿಳಿದಿದ್ದೆ. ಸೊಸೆಗೆ ಎಲ್ಲವೂ ಗೊತ್ತಿತ್ತಂತೆ, ನನಗೆ ಹೆದರಿ ಸುಮ್ಮನಿದ್ದಳಂತೆ. ತಕ್ಷಣ ನನ್ನ ಮನಸ್ಸಿಗೆ ಬಂದದ್ದು ನಾಚಿಕೆಯಲ್ಲ, ಉಪ್ಪಿನಕಾಯಿ. ಮೂರು ತಿಂಗಳಿಂದ ಈ ಹುಡುಗಿ ಎಲ್ಲ ದಿನವೂ ನನ್ನ ಜಾಡಿಗೆ ಕೈ ಹಾಕಿದ್ದಾಳೆ. ಉಪ್ಪಿನಕಾಯಿ ಒಂದು ಚೂರೂ ಕೆಟ್ಟಿರಲಿಲ್ಲ. ಆ ವರ್ಷದ್ದು ಬಲು ರುಚಿಯಾಗಿತ್ತು ಕೂಡ. ನಾಚಿಕೆ ಆಮೇಲೆ ಬಂತು, ಬಂದದ್ದು ಬೇಗ ಹೋಗಲಿಲ್ಲ.

ಸ್ನೇಹಿತೆಯ ಮನೆಗೂ ಹೋಗಿ ಬಂದೆವು. ಮೊಮ್ಮಗಳು ಹೇಳಿದ್ದೆಲ್ಲ ನಿಜವೇ. ಸರಿ, ಮನೆಗೆ ಹೋಗೋಣ ಎಂದು ನಾನೆಂದರೆ ಅವಳು ಹೆಡ್ ಮೇಡಂ ರೂಮಿಗೆ ನಡೆದಳು. ನಾನು ಅವಳ ಹಿಂದೆ, ಅವಳೇ ಅಜ್ಜಿ ನಾನೇ ಮೊಮ್ಮಗಳು ಎನ್ನುವ ಹಾಗೆ.

“ಮೇಡಂ, ಕಾರ್ಡ್ ತೋರಿಸೋಕೆ ನಂಗೇನೂ ಬೇಜಾರಿಲ್ಲ. ನಾನು ಬಂದಿದ್ದು ಹೋಗಿದ್ದು ನಮ್ಮನೆಗೆ ಗೊತ್ತಾಗ್ಲಿ. ಅಂಗಡಿ ಬೆಂಚಿಗ್ಯಾಕೆ ಗೊತ್ತಾಗ್ಬೇಕು? ನಾನು ಯಾವತ್ತು ಮುಟ್ಟಾಗ್ತೀನಿ ಅಂತ ಇಡೀ ಊರು ತಾರೀಖು ಇಟ್ಕೊಂಡೈತೆ.”

ಆ ಮಾತನ್ನು ಅಷ್ಟು ಬಿಡಿಸಿ ದೊಡ್ಡವರ ಮುಂದೆ ಆಡಿದ ಹೆಣ್ಣನ್ನು ನಾನು ಅಲ್ಲಿಯವರೆಗೆ ನೋಡಿರಲಿಲ್ಲ. ಮೇಡಂ ಪಟ್ಟಿ ತೆಗೆದರು.

“ಈ ನಂಬರ್ ಯಾರು ಕೊಟ್ಟಿದ್ದಮ್ಮ?”

“ನಮ್ಮಜ್ಜಿ ಮೇಡಂ.”

ನಾನು ತಲೆಯ ಮೇಲಿನ ಫ್ಯಾನನ್ನು ಬಹಳ ಆಸಕ್ತಿಯಿಂದ ನೋಡಿದೆ. ಮೇಡಂ ಪುಟ ತಿರುಗಿಸಿದರು. ಒಂಬತ್ತು ಮಕ್ಕಳ ಹೆಸರಿನ ಮುಂದೆ ಒಂದೇ ನಂಬರ್. ಬೈಯುತ್ತಾರೆ ಎಂದುಕೊಂಡೆ. ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

“ತಪ್ಪು ನಂದು” ಎಂದರು. “ನಂಬರ್ ಇದ್ಯಾ ಅಂತ ನೋಡ್ದೆ, ಯಾರದು ಅಂತ ನೋಡ್ಲಿಲ್ಲ.”

ಅಲ್ಲೇ ಕೆಂಪು ಪೆನ್ನಿನಲ್ಲಿ ಒಂಬತ್ತಕ್ಕೂ ಗೀಟು ಎಳೆದರು. ಮನೆಯ ಸ್ವಂತ ನಂಬರ್ ಬರುವ ತನಕ ಮೆಸೇಜು ಬೇಡ, ಬೇಗ ಹೋಗಬೇಕಾದರೆ ಟೀಚರಿಗೆ ಹೇಳಿ ಹೋದರೆ ಸಾಕು ಎಂದರು. ಆಮೇಲೆ ಎದ್ದು ಹಿತ್ತಿಲಿಗೆ ಹೋಗಿ ಪಾಯಿಖಾನೆಯ ಬಾಗಿಲನ್ನು ತಾವೇ ಎಳೆದು ನೋಡಿದರು. ಮಾರನೇ ದಿನ ಚಿಲಕ ಬಂತು, ಒಂದು ಡ್ರಮ್ಮು ನೀರೂ ಬಂತು. ನಲ್ಲಿಯಲ್ಲಿ ನೀರು ಬಂದದ್ದು ದಸರಾ ಕಳೆದ ಮೇಲೆ. ಅದನ್ನೂ ಹೇಳಿಬಿಡಬೇಕು.

ಊರಿಗೆ ಬಂದು ಬಸ್ಸಿಳಿದವಳು ಮನೆಗೆ ಹೋಗಲಿಲ್ಲ, ಅಂಗಡಿಗೆ ಹೋದೆ.

“ನಮ್ ಹುಡ್ಗೀದೆಲ್ಲಾ ಅಳಿಸ್ಬಿಡಪ್ಪ” ಎಂದೆ.

“ನಾನೇನ್ ತಪ್ಪು ಮಾಡ್ದೆ ಅಜ್ಜಿ? ನೀವೇ ತಾನೆ ನಂಬರ್ ಕೊಟ್ಟಿದ್ದು?” ಅವನಿಗೆ ನಿಜವಾಗಿಯೂ ಬೇಜಾರಾಗಿತ್ತು.

“ನಿನ್ ತಪ್ಪಲ್ಲ ಕಣಪ್ಪ, ಎಲ್ಲಾ ನಂದೇ. ಅಳಿಸು, ನಾನಿಲ್ಲೇ ಕೂತಿರ್ತೀನಿ.”

ಒಂದೊಂದಾಗಿ ಅಳಿಸಿದ. ಬೀಡಿಯವನು ಬೆಂಚಿನಿಂದ ಬಗ್ಗಿ ಕೇಳಿದ, “ಎಲ್ಲೋಯ್ತಿದ್ಲಂತಜ್ಜಿ?”

“ಓದೋಕೆ. ನಿನ್ ಮಗನ್ನೂ ಕಳ್ಸು. ಲೆಕ್ಕದಲ್ಲಿ ಹನ್ನೆಲ್ಡು ತಗೊಂಡವ್ನಂತಲ್ಲ, ಇಲ್ಲೇ ಓದಿದ್ರು.”

ಮಗನಿಗೆ ಹೇಳುವುದು ಇನ್ನೂ ಸುಲಭವಾಯಿತು. ನಮ್ಮ ಗಂಡಸರ ಮುಂದೆ ಆಡಬಾರದ ಮಾತು ಅದು, ನಾನು ಬೇಕೆಂದೇ ಬಿಡಿಸಿ ಆಡಿದೆ. “ಮುಟ್ಟಾಗಿದ್ಲು ಕಣೋ” ಎಂದದ್ದೇ ತಡ, ಅವನಿಗೆ ತೋಟದ ಮೋಟರ್ ಆರಿಸಿಲ್ಲ ಎಂದು ನೆನಪಾಯಿತು. ಅಂಗಳ ದಾಟಿದ ಮೇಲೆ ಅಲ್ಲಿಂದಲೇ ಕೂಗಿದ, “ಓದ್ಲಿ ಬಿಡವ್ವ.” ಹಿತ್ತಿಲ ಜಗಲಿಯ ಮೇಲೆ ಆವತ್ತೇ ಸೌದೆ ಪೇರಿಸಿದೆ. ಇನ್ನು ಯಾರೂ ಕೂರಲು ಜಾಗವಿಲ್ಲದಂತೆ.

ಯಂತ್ರ ಕೆಟ್ಟದ್ದೆಂದು ಅವಳು ಯಾವತ್ತೂ ಹೇಳಲಿಲ್ಲ. ಅವಳು ಕೇಳಿದ್ದು ಇಷ್ಟೇ, ನನ್ನ ಸುದ್ದಿ ಯಾರ ಕೈಗೆ ಹೋಗುತ್ತದೆ? ಆ ಒಂದು ಪ್ರಶ್ನೆ ಚಪ್ಪಾಳೆ ತಟ್ಟುವಾಗ ನನಗೆ ಹೊಳೆದಿರಲಿಲ್ಲ. ಸಭೆಯಲ್ಲಿದ್ದ ಯಾರಿಗೂ ಹೊಳೆದಿರಲಿಲ್ಲ. ಮೊಮ್ಮಗಳೆಂದು ಹೇಳುತ್ತಿಲ್ಲ, ಆ ವಯಸ್ಸಿಗೆ ಅದು ದೊಡ್ಡ ಬುದ್ಧಿ.

ದೀಪಾವಳಿಗೆ ಮಗ ಒಂದು ಸಣ್ಣ ಮೊಬೈಲು ತಂದ. ಮನೆಯಲ್ಲೇ ಇರುವವಳು ನಾನಾದ್ದರಿಂದ ಅದು ನನ್ನ ಎಲೆಅಡಿಕೆ ಚೀಲ ಸೇರಿತು. ಸ್ಕೂಲಿಗೂ ಅದೇ ನಂಬರ್ ಕೊಟ್ಟೆವು. ಒಂದು ದಿನ ಮಧ್ಯಾಹ್ನ ಚೀಲದೊಳಗೆ ಅದು ಗುರ್ ಎಂದಿತು. ತೆಗೆದು ನೋಡಿದೆ. ಎಲ್ಲ ಇಂಗ್ಲಿಷ್ ಅಕ್ಷರ. ಆಗ ನನಗೆ ಒಂದೂ ಬರುತ್ತಿರಲಿಲ್ಲ. ಅಂಗಡಿ ಕಡೆಗೆ ಕಾಲು ಎಳೆಯಿತು, ಸುಳ್ಳು ಯಾಕೆ ಹೇಳಲಿ. ಹೋಗಲಿಲ್ಲ. ಸಂಜೆ ಅವಳು ಬಂದು ಬ್ಯಾಗು ಇಳಿಸುವುದರೊಳಗೆ ಫೋನು ಅವಳ ಮೂಗಿಗೆ ಹಿಡಿದೆ.

“ಏನ್ ಬರ್ದವ್ರೆ ಓದೇ. ಇವತ್ತು ಎಷ್ಟೊತ್ತಿಗೆ ಗೇಟ್ ಬಿಟ್ಟೆ?”

ಅವಳು ಫೋನನ್ನು ನೋಡಲೂ ಇಲ್ಲ. ಲೋಟದಲ್ಲಿದ್ದ ನೀರು ಪೂರ್ತಿ ಕುಡಿದು ಹೇಳಿದಳು:

“ಓದೋಕೆ ಕಲ್ತ್ಕೋ ಅಜ್ಜಿ. ಕಲಿಯೋ ತನಕ ನನ್ ಮಾತ್ ನಂಬು.”